ಬಳೆ ತೊಟ್ಟ ಗೌಡ

"ಗುರುಗಳೇ, ತುಂಬಿದ ಸಭೆಯಲ್ಲಿ ನೀನು ಗಂಡಸೇ ಎಂದು ಕೇಳಿದವನಿಗೆ ಏನು ಉತ್ತರ ಕೊಡಬೇಕು?" ಎಂದು ಶಿಷ್ಯನು ಕೇಳಿದನು.

ಅವನು ಆಗತಾನೇ ತನ್ನ ಊರಿನ ಪಂಚಾಯಿತಿಯಿಂದ ಬಂದಿದ್ದನು. ಜಗಳ ಬೇಡ, ಕೂತು ಮಾತಾಡೋಣ ಎಂದದ್ದಕ್ಕೆ ಅಲ್ಲಿ ಅವನಿಗೆ ಸಿಕ್ಕಿದ್ದು ಆ ಪ್ರಶ್ನೆ. ದಾರಿಯುದ್ದಕ್ಕೂ ಅದು ಅವನನ್ನು ಕೊರೆದಿತ್ತು. ಗುರುಗಳು ಅವನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೌಡನಿದ್ದನು. ಅವನ ಮಾತು ಮೆತ್ತಗೆ, ಕೆಲಸ ಗಟ್ಟಿ. ಯಾರ ಮನೆಯಲ್ಲಾದರೂ ಒಲೆ ಉರಿದಿಲ್ಲವೆಂದು ಕೇಳಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಊರಿನವರು ಅವನನ್ನು ಹೆಂಗರುಳಿನವನು ಎನ್ನುತ್ತಿದ್ದರು. ತಮಗೆ ಕಷ್ಟ ಬಂದಾಗ ಅದು ಹೊಗಳಿಕೆ. ಗೌಡಿಕೆ ಯಾರಿಗೆ ಎಂಬ ಮಾತು ಬಂದಾಗ ಅದೇ ಬೈಗುಳ. ಎಲುಬಿಲ್ಲದ ನಾಲಿಗೆ, ಹೊರಳಿಸಿದ ಕಡೆಗೆ ಹೊರಳುತ್ತದೆ.

ಆ ಊರಿಗೂ ಪಕ್ಕದ ಊರಿಗೂ ಹುಲ್ಲುಗಾವಲು ಒಂದೇ. ಒಂದು ದಿನ ಈ ಊರಿನ ದನಗಳು ಆ ಊರಿನ ಜೋಳದ ಹೊಲಕ್ಕೆ ನುಗ್ಗಿದವು. ಆ ಊರಿನವರು ದನಗಳನ್ನೂ, ಅವನ್ನು ಕಾಯುತ್ತಿದ್ದ ಇಬ್ಬರು ಯುವಕರನ್ನೂ ಹಿಡಿದು ದೊಡ್ಡಿಗೆ ಕೂಡಿ ಅಗುಳಿ ಹಾಕಿದರು. ಇದು ಹೊಸದೇನೂ ಅಲ್ಲ. ಇಂಥದ್ದಕ್ಕೆ ಹಿರಿಯರು ಮಾಡಿಟ್ಟ ದಾರಿಯೊಂದಿತ್ತು. ದನದ ಊರಿನ ಗೌಡ ವೀಳ್ಯ ಹಿಡಿದು ಹೋಗಬೇಕು, ತಪ್ಪಾಯಿತು ಎನ್ನಬೇಕು. ಹೊಲದ ಊರಿನ ಪಟೇಲ ಆ ವೀಳ್ಯವನ್ನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರೆ ದೊಡ್ಡಿಯ ಬಾಗಿಲು ತೆರೆಯುತ್ತಿತ್ತು. ಎಲೆ ಅಡಿಕೆಯಲ್ಲಿ ಮುಗಿಯುವ ಮಾತು.

ಸಿಕ್ಕಿಬಿದ್ದವರಲ್ಲಿ ಒಬ್ಬನು ಒಬ್ಬ ವಿಧವೆಯ ಒಬ್ಬನೇ ಮಗ. ಅವಳು ಬಂದು ಗೌಡನ ಜಗಲಿಯ ಮೇಲೆ ಕುಳಿತಳು. ಅಳಲಿಲ್ಲ, ಎದ್ದೂ ಹೋಗಲಿಲ್ಲ.

"ನಾಳೆ ಸಂಜೆ ಒಳಗೆ ನಿನ್ನ ಮಗ ನಿನ್ನ ಕೈ ರೊಟ್ಟಿ ತಿಂತಾನೆ, ತಾಯಿ" ಎಂದು ಗೌಡ ಮಾತು ಕೊಟ್ಟನು.

ಮಾತು ಕೊಡಲು ಅವನಿಗೆ ಅಳುಕಾಗಲಿಲ್ಲ. ಅವನ ಹೆಂಡತಿ ಆ ಊರಿನ ಮಗಳು. ಅಲ್ಲಿನ ಪಟೇಲ ಅವಳ ತಮ್ಮ.

ಆದರೆ ಅದು ಗೌಡಿಕೆಯನ್ನು ಹೊಸದಾಗಿ ಒಪ್ಪಿಸುವ ವರ್ಷ. ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಸಭೆ ಸೇರಿತು. ಹೆಂಗಸರು ಚಾವಡಿ ಹತ್ತುವ ಪದ್ಧತಿ ಅಲ್ಲಿರಲಿಲ್ಲ. ವಿಧವೆ ಹೊರಗೆ ಬಿಸಿಲಿನಲ್ಲಿ ನಿಂತು ಕೇಳಿದಳು. ಗೌಡಿಕೆಯ ಮೇಲೆ ಕಣ್ಣಿಟ್ಟಿದ್ದ ಒಬ್ಬ ಸಾಹುಕಾರ ಎದ್ದನು. ಯುವಕರನ್ನು ಬಿಡಿಸುವುದು ಹೇಗೆಂದು ಅವನು ಒಂದು ಮಾತೂ ಆಡಲಿಲ್ಲ. ಅವರ ಹೆಸರನ್ನೂ ಎತ್ತಲಿಲ್ಲ. ಬಹುಶಃ ಗೊತ್ತಿರಲಿಲ್ಲ. ನಮ್ಮದು ಗಂಡುಮೆಟ್ಟಿನ ನೆಲ ಎಂದನು. ನಮ್ಮ ಅಜ್ಜಂದಿರು ಎಂಟೆದೆಯ ಬಂಟರು ಎಂದನು. ಬೇಡಿ ತರುವುದು ಹೆಂಗಸರ ಕೆಲಸ, ಹೊಡೆದು ತರುವುದು ಗಂಡಸರ ಕೆಲಸ ಎಂದನು. ಒಂದೊಂದು ಮಾತಿಗೂ ಕೂತವರ ಕೈ ಮೀಸೆಗೆ ಹೋಯಿತು. ಮೀಸೆ ಇನ್ನೂ ಮೂಡದವರು ಅದು ಮೂಡಬೇಕಾದ ಜಾಗವನ್ನು ಸವರಿಕೊಂಡರು. ಕೊನೆಗೆ ಸಾಹುಕಾರ ಒಂದು ಹಿಡಿ ಗಾಜಿನ ಬಳೆಗಳನ್ನು ಗೌಡನ ಮುಂದೆ ಇಟ್ಟನು.

"ಹೋಗೋದಾದ್ರೆ ಇವನ್ನ ತೊಟ್ಕೊಂಡು ಹೋಗಪ್ಪ" ಎಂದನು. "ಈ ಊರಿಗೆ ಬೇಕಾಗಿರೋದು ಗೌಡ ಅಲ್ಲ, ಗಂಡಸು."

ಸಭೆ ನಕ್ಕಿತು. ಗೌಡ ಬಳೆಗಳನ್ನು ನೋಡಿದನು, ಹೊರಗೆ ನಿಂತಿದ್ದ ವಿಧವೆಯನ್ನು ನೋಡಿದನು. ಕೊಟ್ಟ ಮಾತಿಗಿಂತ ಈ ಗಾಜು ದೊಡ್ಡದೇನು ಎನಿಸಿತು. ಬಳೆಗಳನ್ನು ಎತ್ತಿಕೊಂಡು ಎಲ್ಲರ ಎದುರಿಗೇ ತೊಡತೊಡಗಿದನು. ನೇಗಿಲು ಹಿಡಿದ ಕೈ, ಗೆಣ್ಣು ದಪ್ಪ. ಎರಡು ಬಳೆ ಒಡೆದು ಕೈ ಕೊಯ್ದವು. ಉಳಿದವು ರಕ್ತದಲ್ಲಿ ಜಾರಿ ಮುಂಗೈಗೆ ಏರಿದವು. ನಗು ನಿಂತಿತು. ಆ ಮೌನದಲ್ಲಿ ಗೌಡನ ಎದೆ ಉಬ್ಬಿತು. ಇಷ್ಟು ಗಂಡಸರಲ್ಲಿ ಇಂಥ ಎದೆಗಾರಿಕೆ ಯಾರಿಗಿದೆ ಎಂದುಕೊಂಡನು. ಪಾಪ, ಅವನಿಗೂ ಒಳಗೊಳಗೇ ಬೇಕಾಗಿದ್ದದ್ದು ಅದೇ.

ವೀಳ್ಯದ ತಟ್ಟೆ ಹಿಡಿದು ಅವನು ಪಕ್ಕದ ಊರಿಗೆ ಹೋದನು. ಪಟೇಲ ಅವನ ದಾರಿಯನ್ನೇ ಕಾಯುತ್ತಿದ್ದನು. ಆ ಯುವಕರ ಮೇಲೆ ಅವನಿಗೆ ಹಗೆ ಇರಲಿಲ್ಲ, ಹೊತ್ತು ಹೊತ್ತಿಗೆ ಊಟ ಕಳಿಸುತ್ತಿದ್ದನು. ಗೌಡ ತಪ್ಪಾಯಿತು ಎಂದು ತಟ್ಟೆ ಚಾಚಿದನು. ಪಟೇಲ ಕೈ ಮುಂದೆ ಮಾಡಿದನು. ಆಗ ಬಳೆಗಳು ಸದ್ದು ಮಾಡಿದವು. ಕಟ್ಟೆಯ ಮೇಲೆ ಕೂತಿದ್ದ ಒಬ್ಬನು, ಬಳೆ ತೊಟ್ಟವನ ಕೈಯಿಂದ ವೀಳ್ಯ ತೆಗೆದುಕೊಳ್ಳುವುದಾದರೆ ನಮ್ಮ ಪಟೇಲರ ಅಳತೆಗೂ ಒಂದು ಜೊತೆ ತರಿಸೋಣ ಎಂದನು. ಕಟ್ಟೆ ಗೊಳ್ಳೆಂದಿತು. ಪಟೇಲನ ಕೈ ಅರ್ಧ ದಾರಿಯಿಂದ ಹಿಂದಕ್ಕೆ ಹೋಗಿ ಮೀಸೆಯ ಮೇಲೆ ಕೂತಿತು. ಆಗುವುದಿಲ್ಲ ಎಂದುಬಿಟ್ಟನು.

ಆದರೆ ಕಳಿಸಿಕೊಡುವ ನೆಪದಲ್ಲಿ ಅವನು ಊರ ಬಾಗಿಲವರೆಗೆ ಬಂದನು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದನು.

"ಭಾವ, ಹತ್ತು ಜನರ ಮುಂದೆ ನನ್ನ ಕೈ ಕಟ್ಟಿಬಿಟ್ರಿ. ಅಕ್ಕನ್ನ ಕಳಿಸಿ. ತವರಿಗೆ ಬಂದ ಮಗಳು ಸೆರಗೊಡ್ಡಿ ಕೇಳಿದ್ರೆ ಬರಿಗೈಲಿ ಕಳಿಸೋ ಪದ್ಧತಿ ನಮ್ಮಲ್ಲಿಲ್ಲ. ಆಗ ಯಾರೂ ನಗೋ ಹಾಗಿಲ್ಲ."

ಗೌಡ ತಲೆಯಾಡಿಸಿ ಹೊರಟನು. ದಾರಿ ಕಂಡಿತ್ತು, ಸುಲಭದ ದಾರಿ. ಆದರೂ ಬದುವಿನ ಮೇಲೆ ನಡೆಯುತ್ತ ನಡೆಯುತ್ತ ಅವನ ಹೆಜ್ಜೆ ಭಾರವಾಯಿತು. ಬಳೆ ತೊಟ್ಟವನು ತಾನು. ಅದರಲ್ಲಿ ಒಂದು ಧೈರ್ಯವಿತ್ತು, ಊರು ಅದನ್ನು ನೋಡಿತ್ತು. ಹೆಂಡತಿಯನ್ನು ಕಳಿಸಿದರೆ ತನ್ನದೇನು ಉಳಿಯಿತು? ಗೌಡನ ಕೈಲಾಗದ್ದನ್ನು ಹೆಂಡತಿ ಮಾಡಿಕೊಂಡು ಬಂದಳು ಎನ್ನುತ್ತಾರೆ. ಸೆರಗಿನ ಮರೆಯಲ್ಲಿ ಅವಿತು ಕೂತ ಎನ್ನುತ್ತಾರೆ. ಬಳೆಯ ಅವಮಾನವನ್ನು ನುಂಗಿದವನಿಗೆ ಈ ಒಂದು ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಮನೆಗೆ ಬಂದಾಗ ಹೆಂಡತಿ, ತಮ್ಮ ಏನೆಂದ ಎಂದು ಕೇಳಿದಳು. ಆಗುವುದಿಲ್ಲ ಎಂದ ಎಂದನು. ಅದು ಸುಳ್ಳಲ್ಲ. ಹಾಗಾದರೆ ತಾನೇ ಹೋಗಿ ಒಂದು ಮಾತು ಕೇಳಿ ಬರುತ್ತೇನೆಂದು ಅವಳು ಉಟ್ಟ ಸೀರೆಯಲ್ಲೇ ಎದ್ದು ನಿಂತಳು. ಇದು ಚಾವಡಿಯ ಮಾತು, ನಿನಗೆ ತಿಳಿಯುವುದಿಲ್ಲ, ಬೆಳಿಗ್ಗೆ ನೋಡೋಣ ಎಂದನು. ಅದನ್ನೂ ಮೆತ್ತಗೆಯೇ ಹೇಳಿದನು. ಜಗಲಿಯ ಮೇಲಿದ್ದ ವಿಧವೆಗೂ ಅದನ್ನೇ ಹೇಳಿದನು. ಅವಳು ಮಗನಿಗೆಂದು ಬಡಿದು ತಂದಿದ್ದ ರೊಟ್ಟಿಯ ಗಂಟನ್ನು ಎತ್ತಿಕೊಂಡು ಹೋದಳು.

ಬೆಳಗಾಗುವವರೆಗೆ ಸಾಹುಕಾರ ಕಾಯಲಿಲ್ಲ. ಬೇಡಲು ಹೋದವನು ಬರಿಗೈಯಲ್ಲಿ ಬಂದನೆಂದು ತಿಳಿದದ್ದೇ ತಡ, ಊರಿನ ಗಂಡಸರು ಕೋಲು ಕೊಡಲಿ ಎತ್ತಿಕೊಂಡರು. ಕೋಳಿ ಕೂಗುವ ಮೊದಲೇ ಹೋಗಿ ಆ ಊರಿನ ಬಣವೆಗಳಿಗೆ ಬೆಂಕಿ ಇಟ್ಟರು. ಗಾಳಿಗೆ ನಮ್ಮವರು ನಿಮ್ಮವರು ಎಂಬುದಿಲ್ಲ. ಬೆಂಕಿ ಬಣವೆಯಿಂದ ದೊಡ್ಡಿಯ ಹುಲ್ಲಿನ ಮಾಡಿಗೆ ಹತ್ತಿತು. ಒಳಗೆ ದನಗಳಿದ್ದವು. ಆ ಇಬ್ಬರೂ ಇದ್ದರು. ಹೊರಗೆ ಅಗುಳಿ ಹಾಕಿತ್ತು. ಎರಡೂ ಊರಿನ ಗಂಡಸರು ತಮ್ಮ ತಮ್ಮ ಗಂಡಸುತನವನ್ನು ಕೂಗಿ ಹೇಳುತ್ತಿದ್ದ ಗದ್ದಲದಲ್ಲಿ ಒಳಗಿನ ಕೂಗು ಯಾರಿಗೂ ಕೇಳಲಿಲ್ಲ. ಬಿಡಿಸಲು ಹೋದವರ ಬೆಂಕಿಯಲ್ಲೇ ಅವರು ಸುಟ್ಟುಹೋದರು.

ಸಾಹುಕಾರ ಗೆದ್ದು ಬಂದೆನೆಂದನು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ. ಹೆಣಗಳನ್ನು ಮಣ್ಣಿಗಿಟ್ಟು ಬಂದು ಊರು ಅವನಿಗೇ ಗೌಡಿಕೆ ಕೊಟ್ಟಿತು. ಅವನು ಸತ್ತವರನ್ನು ಗಂಡುಗಲಿಗಳು ಎಂದನು. ಅವರ ಸೇಡು ತೀರಿಸದಿದ್ದರೆ ನಾವು ಗಂಡಸರೇ ಎಂದು ಕೇಳಿದನು. ಸಭೆ ಮತ್ತೆ ಮೀಸೆ ಮುಟ್ಟಿಕೊಂಡಿತು. ಪಕ್ಕದ ಊರಿನ ಕಟ್ಟೆಯ ಮೇಲೂ ಅದೇ ಹೊತ್ತಿಗೆ ಅದೇ ಮಾತು ನಡೆದಿತ್ತು.

ಗೌಡಿಕೆ ಹೋದವನು ಮನೆಯಲ್ಲಿ ಕೂತಿದ್ದನು. ಗಾಯ ಊದಿ ಬಳೆಗಳು ಕೈಯಲ್ಲೇ ಬಿಗಿದುಕೊಂಡಿದ್ದವು. ಅವನಿಗೆ ಸಾಯಬೇಕೆನಿಸಿತು, ಸಾಯಲು ಬರಲಿಲ್ಲ. ಕೊನೆಗೆ ತಡೆಯಲಾರದೆ, ಊರ ಬಾಗಿಲಲ್ಲಿ ಪಟೇಲ ಹೇಳಿದ್ದ ಮಾತನ್ನು ಹೆಂಡತಿಗೆ ಹೇಳಿದನು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

"ದೀಪ ಹಚ್ಚೋದರೊಳಗೆ ಇಬ್ಬರನ್ನೂ ಕರ್ಕೊಂಡು ಬರ್ತಿದ್ದೆ" ಎಂದಳು. ಮತ್ತೆ ಆ ಮನೆಯಲ್ಲಿ ಅವಳು ಅವನೊಡನೆ ಮಾತಾಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಕೇಳಿದನು: "ಗುರುಗಳೇ, ಬಳೆ ತೊಟ್ಟ ಗೌಡ, ಕೈ ಹಿಂತೆಗೆದ ಪಟೇಲ, ಬೆಂಕಿ ಇಟ್ಟ ಸಾಹುಕಾರ. ಈ ಮೂವರಲ್ಲಿ ನಿಜವಾದ ಗಂಡಸು ಯಾರು?"

ಗುರುಗಳು ಅವನ ಮುಖವನ್ನು ನೋಡಿ ಹೇಳಿದರು: "ಇಬ್ಬರು ಮಕ್ಕಳು ಸುಟ್ಟುಹೋದ ಕತೆ ಹೇಳಿದೆನಪ್ಪ, ನೀನೂ ಗಂಡಸು ಯಾರು ಎಂದೇ ಕೇಳಿದೆ."