ಮುಂಗುಸಿ ಸುಬ್ರಾಯ ಆರಿಸಿದ ದೋಣಿ

ಹೊಳೆ ಹೋಗಿ ಕಡಲು ಸೇರುವ ಜಾಗವನ್ನು ನೀವು ನೋಡಿದ್ದೀರಾ, ಮಕ್ಕಳೇ? ಅದಕ್ಕೆ ಅಳಿವೆ ಎನ್ನುತ್ತಾರೆ. ಅಲ್ಲಿ ನೀರಿಗೆ ಒಂದು ಗಳಿಗೆಯೂ ನೆಮ್ಮದಿ ಇಲ್ಲ. ಭರತ ಬಂದಾಗ ದಡದವರೆಗೂ ತುಂಬಿ ಕುಣಿಯುತ್ತದೆ. ಇಳಿತ ಶುರುವಾಯಿತೋ, ಹೇಳದೆ ಕೇಳದೆ ಕಡಲಿಗೆ ಓಡುತ್ತದೆ. ಆಮೇಲೆ ಉಳಿಯುವುದು ಕೆಸರು ಮತ್ತು ಗೇಣು ಆಳದ ಬೆಚ್ಚನೆಯ ನೀರು.

ಅಂಥ ಒಂದು ಅಳಿವೆಯ ನಡುವೆ ಒಂದು ಕುದ್ರು ಇತ್ತು. ಕುದ್ರು ಎಂದರೆ ಸುತ್ತಲೂ ನೀರಿರುವ ಪುಟ್ಟ ನಡುಗಡ್ಡೆ. ಅಲ್ಲಿ ಸುಬ್ರಾಯ ಎಂಬ ಮುಂಗುಸಿ ಇದ್ದ. ಕೂತಲ್ಲಿ ಕೂರುವ ಜಾತಿಯೇ ಅಲ್ಲ ಅವನು. ಬಾಯಲ್ಲಿ ಅರ್ಧ ತುತ್ತು ಇರುವಾಗಲೇ ಎದ್ದು, "ಮುಂದೆ ಏನು ಕೆಲಸ?" ಎನ್ನುತ್ತಿದ್ದ. ಕೆಲಸ ಹೇಳಿದರೆ, ಹೇಳಿ ಮುಗಿಯುವ ಮೊದಲೇ ಓಡಿಬಿಡುತ್ತಿದ್ದ.

ಆ ಬೇಸಿಗೆಯಲ್ಲಿ ಕುದ್ರುವಿನ ಒಂದೇ ಒಂದು ಸಿಹಿನೀರಿನ ಹೊಂಡಕ್ಕೆ ಉಪ್ಪುನೀರು ನುಗ್ಗಿತು. ಎಲ್ಲರೂ ಗೇರುಹಣ್ಣು ಹೀರಿ ಹೇಗೋ ದಿನ ದೂಡಿದರು. ಆದರೆ ಮೊಲ ನಾಗವೇಣಿಯಕ್ಕನಿಗೆ ನಾಲ್ಕು ಎಳೆ ಮರಿಗಳಿದ್ದವು. ಕುಡಿಯಲು ನೀರಿಲ್ಲದೆ ಅವಳ ಹಾಲು ಬತ್ತಿತು. ಮರಿಗಳು ಅಳುವುದನ್ನೂ ನಿಲ್ಲಿಸಿದ್ದವು. ಆಚೆ ದಡದಲ್ಲಿ ಸಿಹಿನೀರಿನ ಒರತೆ ಏನೋ ಇತ್ತು. ಹೋಗಲು ದೋಣಿ ಇರಲಿಲ್ಲ. ಹಳೆಯದು ಹುಳು ತಿಂದು ಮುರಿದಿತ್ತು.

"ಸುಬ್ರಾಯ, ನಮ್ಮಲ್ಲಿ ನೀನೇ ಚುರುಕು. ಆಚಾರಿಯ ಹತ್ತಿರ ಹೋಗಿ ಒಂದು ದೋಣಿ ಆರಿಸಿಕೊಂಡು ಬಾ ಮಾರಾಯ. ಇವತ್ತೇ ದಾಟಬೇಕು," ಎಂದಳು ನಾಗವೇಣಿಯಕ್ಕ.

ಆಚಾರಿ ಎಂದರೆ ಮರಕುಟುಕ ಪುಂಡಲೀಕ. ಕುದ್ರುವಿನ ತುದಿಯಲ್ಲಿ ದೋಣಿ ಕೆತ್ತುವುದೇ ಅವನ ಕಸುಬು. ಸುಬ್ರಾಯ ಓಡಿ ಬಂದಾಗ ಅವನ ಮುಂದೆ ಎರಡು ದೋಣಿಗಳಿದ್ದವು. ಒಂದು ಎತ್ತರದ್ದು, ಎಣ್ಣೆ ಹಚ್ಚಿ ಫಳಫಳ ಹೊಳೆಯುತ್ತಿತ್ತು. ಅದರ ತಳದಿಂದ ಕತ್ತಿಯ ಹಾಗೆ ಒಂದು ಉದ್ದ ಮರ ಕೆಳಗಿಳಿದಿತ್ತು. ಇನ್ನೊಂದು ಪಾತಿ, ಚಪ್ಪಟೆ ತಳದ ಸಣ್ಣ ದೋಣಿ. ನೋಡಿದರೆ ಸೀಳಿದ ಬಾಳೆದಿಂಡಿನಂತಿತ್ತು.

"ಆ ದೊಡ್ಡದು ಹೊರಕಡಲಿಗೆ ಹೋಗುವ ನೀರುನಾಯಿಗಳಿಗೆಂದು ಮಾಡಿದ್ದು. ನಿಮ್ಮ ಅಳಿವೆಗೆ ಪಾತಿಯೇ ಸರಿ," ಎಂದ ಪುಂಡಲೀಕ.

"ಇದಾ? ಇದರಲ್ಲಿ ಹೋದರೆ ಕಪ್ಪೆಗಳೂ ನಗುತ್ತವೆ! ಅಲ್ಲಿ ನೋಡಿ ಆಚಾರ್ರೇ, ನೀರು ದಡದ ತನಕ ತುಂಬಿದೆ!"

"ಅದು ಭರತದ ನೀರು. ಭರತ ನೋಡಿ ಇಲ್ಲಿ ಯಾರೂ ದೋಣಿ ಆರಿಸುವುದಿಲ್ಲ. ಇಳಿತ ಮುಗಿಯುವ ತನಕ ದಡದಲ್ಲಿ ಕೂರಬೇಕು. ಎಲ್ಲಿ ದಿಬ್ಬ, ಎಲ್ಲಿ ಕಲ್ಲು ಎಂದು ಕಣ್ಣಾರೆ ಕಂಡ ಮೇಲೆ ಆರಿಸಬೇಕು. ನನ್ನ ಅಪ್ಪನ ಕಾಲದಿಂದಲೂ ಇದೇ ಕ್ರಮ."

"ಅಷ್ಟು ಹೊತ್ತು ಕೂರುವುದಾ? ಅಲ್ಲಿ ಮರಿಗಳು ಒಣಗುತ್ತಿವೆ!"

"ಹಾಗಾದರೆ ಪಾತಿ ತೆಗೆದುಕೊಂಡು ಈಗಲೇ ಹೊರಡು. ಅದಕ್ಕೆ ಎಷ್ಟು ನೀರಿದ್ದರೂ ಆಗುತ್ತದೆ."

ಅಷ್ಟು ಕೇಳಲು ಸುಬ್ರಾಯನಿಗೆ ಪುರುಸೊತ್ತು ಎಲ್ಲಿ? ಅವನು ಆಗಲೇ ದೊಡ್ಡ ದೋಣಿಯನ್ನು ನೀರಿಗೆ ತಳ್ಳಿ ಹಾರಿ ಕೂತಿದ್ದ.

ದೋಣಿ ಬಂದದ್ದು ಕಂಡು ನಾಗವೇಣಿಯಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಅದು ಎಷ್ಟು ಎತ್ತರ! ಒಂದೊಂದೇ ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು, ಹಲಗೆ ಹತ್ತಿ, ಜಾರಿ, ಮತ್ತೆ ಹತ್ತಿ ಅವಳಿಗೆ ಸಾಕುಸಾಕಾಯಿತು. ಸುಬ್ರಾಯ ದೋಣಿಯೊಳಗೆ ಕುಣಿಯುತ್ತ, "ಬೇಗ ಅಕ್ಕಾ, ಬೇಗ!" ಎನ್ನುತ್ತಲೇ ಇದ್ದ. ನಾಲ್ಕನೆಯ ಮರಿ ಹತ್ತುವಷ್ಟರಲ್ಲಿ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು.

ದಡದಲ್ಲಿ ಕೂತಿದ್ದ ಮುದಿ ಕೋತಿ ಹೊನ್ನಜ್ಜಿ ಕೂಗಿದಳು: "ಸುಬ್ರಾಯಾ, ನೀರು ತಿರುಗಿತು, ಇಳಿತ ಶುರುವಾಯಿತು! ಆ ದೋಣಿ ಬೇಡ!"

"ಎರಡು ನಿಮಿಷದ ದಾರಿ ಅಜ್ಜಿ!" ಎಂದು ಅವನು ಹುಟ್ಟು ಹಾಕಿದ.

ನಡುನೀರಿಗೆ ಬಂದಾಗ ಕೆಳಗೆ ಕರ್ ಎಂದಿತು. ದೋಣಿ ನಿಂತೇಬಿಟ್ಟಿತು. ತಳದ ಮರ ಮರಳದಿಬ್ಬಕ್ಕೆ ಕಚ್ಚಿಕೊಂಡಿತ್ತು. ತಳ್ಳೋಣವೆಂದು ಸುಬ್ರಾಯ ಕೆಳಗೆ ಹಾರಿದ. ದಿಬ್ಬದ ಬದಿಯ ಕೆಸರು ಅವನನ್ನು ಎದೆಯ ತನಕ ನುಂಗಿತು. ಹೇಗೋ ಒದ್ದಾಡಿ ಮೇಲೆ ಬಂದ. ಅಷ್ಟರಲ್ಲಿ ನೀರು ಇನ್ನೂ ಇಳಿದು ದೋಣಿ ಒಂದು ಮಗ್ಗುಲಿಗೆ ವಾಲತೊಡಗಿತು.

ಮೇಲೆ ಒಂದು ಹದ್ದು ಸುತ್ತುತ್ತಿತ್ತು. ನೋಡುತ್ತಿದ್ದಂತೆ ಮೂರಾದವು. ನಾಗವೇಣಿಯಕ್ಕ ಮರಿಗಳ ಮೇಲೆ ಕವುಚಿ ಮಲಗಿದಳು. ಸುಬ್ರಾಯನಿಗೆ ನಿಜಕ್ಕೂ ಹೆದರಿಕೆಯಾಯಿತು. ಹೆದರಿದವನು ಸುಮ್ಮನಿದ್ದಾನೆಯೇ? ದೋಣಿಯ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ಓಡಿದ. ಓಡಿದಷ್ಟೂ ದೋಣಿ ವಾಲಿತು. ಒಂದು ಮರಿ ಜಾರಿ ಅಂಚಿಗೆ ಬಂತು.

"ಓಡಬೇಡ! ನನ್ನ ಮಕ್ಕಳನ್ನು ಕೆಸರಿಗೆ ಹಾಕ್ತೀಯಾ?" ಎಂದು ನಾಗವೇಣಿಯಕ್ಕ ಚೀರಿ, ಮರಿಯನ್ನು ಹಲ್ಲಿನಲ್ಲಿ ಹಿಡಿದೆಳೆದಳು.

ಅದೇ ಹೊತ್ತಿಗೆ ಗೇಣು ನೀರಿನ ಮೇಲೆ ಜಾರುತ್ತ ಪಾತಿ ಬಂತು. ಹೊನ್ನಜ್ಜಿ ಬಿದಿರಿನ ಗಳ ಊರುತ್ತ ಅದನ್ನು ನೂಕುತ್ತಿದ್ದಳು. ಬಂದವಳೇ ಗಳ ಬೀಸಿ ಹದ್ದುಗಳನ್ನು ಓಡಿಸಿದಳು. ತಾಯಿಯನ್ನೂ ಮರಿಗಳನ್ನೂ ಪಾತಿಗೆ ಇಳಿಸಿಕೊಂಡಳು. ಸುಬ್ರಾಯನೂ ಒಂದು ಕಾಲಿಟ್ಟ. ನೀರು ಪಾತಿಯ ಅಂಚಿಗೆ ಬಂತು.

"ಕಾಲು ತೆಗಿ. ನೀನು ಹತ್ತಿದರೆ ಎಲ್ಲರೂ ಮುಳುಗುತ್ತೇವೆ," ಎಂದಳು ಹೊನ್ನಜ್ಜಿ.

"ಹಾಗಾದರೆ ಬೇಗ ವಾಪಸ್ ಬಂದು ನನ್ನನ್ನು ಕರ್ಕೊಂಡು ಹೋಗ್ತೀಯಲ್ಲ ಅಜ್ಜಿ?"

"ಬಂದರೂ ನೀನು ಬರುವ ಹಾಗಿಲ್ಲ ಮಗಾ. ಭರತ ಬಂದಾಗ ವಾಲಿದ ದೋಣಿಗೆ ನೀರು ನುಗ್ಗುತ್ತದೆ. ಮೊಗೆದು ಹಾಕಲು ಒಬ್ಬರು ಬೇಕು. ನೀರುನಾಯಿಗಳ ದೋಣಿ ಕಡಲುಪಾಲಾದರೆ ಅವರಿಗೆ ಏನು ಹೇಳುತ್ತೀಯ?"

"ಭರತ ಯಾವಾಗ?"

"ಸಂಜೆ ಶುರುವಾಗಿ ರಾತ್ರಿಗೆ ತುಂಬುತ್ತದೆ. ಅಲ್ಲಿಯ ತನಕ ಅಲ್ಲಾಡದೆ ಕೂರು. ಓಡಾಡಿದೆಯೋ, ದೋಣಿ ಮಗುಚುತ್ತದೆ."

ಪಾತಿ ಹೊರಟಿತು. ಆಚೆ ದಡ ಮುಟ್ಟುತ್ತಲೇ ನಾಗವೇಣಿಯಕ್ಕ ಒರತೆಗೆ ಬಾಯಿ ಹಚ್ಚಿ ಹೊಟ್ಟೆ ಬಿರಿಯುವಷ್ಟು ಕುಡಿದಳು. ಹಾಲಿಳಿಯಲು ಬಹಳ ಹೊತ್ತು ಬೇಕಾಯಿತು. ಬಿಸಿಲು ಇಳಿಯುವಾಗ ನಾಲ್ಕೂ ಮರಿಗಳು ಒಂದರ ಮೇಲೊಂದು ಬಿದ್ದು ಹಾಲು ಚೀಪತೊಡಗಿದವು.

ಸುಬ್ರಾಯನಿಗೆ ಅಷ್ಟು ದೂರದಿಂದಲೂ ಅದು ಕಂಡಿತು. ಸಂತೋಷವೂ ನಾಚಿಕೆಯೂ ಒಟ್ಟಿಗೇ ಬಂದವು. ಎದ್ದು ಕುಣಿಯೋಣ ಅನ್ನಿಸಿತು. ಕುಣಿಯಲಿಲ್ಲ. ಎರಡೂ ಮುಂಗಾಲುಗಳಲ್ಲಿ ತನ್ನ ಬಾಲವನ್ನು ಬಿಗಿಯಾಗಿ ಹಿಡಿದುಕೊಂಡು, ಭರತ ಬರುವ ತನಕ ಅಲ್ಲೇ ಕೂತ.

ನೀತಿ: ತುಂಬಿದ ನೀರು ನೋಡಿ ದೋಣಿ ಆರಿಸಬೇಡಿ, ಇಳಿದ ನೀರಿನಲ್ಲೂ ಸಾಗುವುದನ್ನೇ ಆರಿಸಿ.