ಉಪ್ಪಿನ ಹಾಡಿನ ಐದನೆಯ ನುಡಿ

ಶಿಷ್ಯನೊಬ್ಬ ಗುರುವನ್ನು ಕೇಳಿದ:

“ಗುರುಗಳೇ, ಹಿರಿಯರಿಂದ ಬಂದ ಹಾಡೊಂದರಲ್ಲಿ ಒಂದು ಜನವನ್ನು ಹೀಗಳೆಯುವ ಮಾತಿದೆ. ಹಾಡು ಚೆನ್ನಾಗಿದೆ, ಮಾತು ಕೆಟ್ಟದ್ದು. ಹಾಡನ್ನೇ ಬಿಡಬೇಕೋ, ಆ ಮಾತನ್ನು ಮಾತ್ರ ಬಿಡಬೇಕೋ, ಇದ್ದ ಹಾಗೆಯೇ ಹಾಡಬೇಕೋ? ಹೊರಗೆ ಜಗಲಿಯಲ್ಲಿ ಬೆಳಗಿನಿಂದ ಇದೇ ಜಗಳ ನಡೆದಿದೆ. ನೀವು ಒಂದು ಮಾತು ಹೇಳಿದರೆ ಮುಗಿಯುತ್ತದೆ.”

ಗುರು, “ಮುಗಿಯುವುದಿಲ್ಲ. ಕೂತುಕೋ” ಎಂದು ಈ ಕತೆ ಹೇಳಿದರು.

ಕಡಲ ದಂಡೆಯಲ್ಲಿ ಒಂದು ಊರಿತ್ತು. ಆ ಊರಿಗೆ ಉಪ್ಪಿನ ಆಗರವೇ ಅನ್ನ. ಬೇಸಿಗೆಯಲ್ಲಿ ಉಬ್ಬರದ ನೀರನ್ನು ಗದ್ದೆಗೆ ಹಾಯಿಸಿ ಬಿಸಿಲಿಗೆ ಬಿಡುತ್ತಿದ್ದರು. ನೀರು ಆರಿದ ಮೇಲೆ ಉಪ್ಪು ಎಳೆದು ರಾಶಿ ಹಾಕುತ್ತಿದ್ದರು. ಮಳೆಗೆ ಮುಂಚೆ, ಕೊನೆಯ ರಾಶಿಗೆ ಹುಲ್ಲು ಹೊದಿಸುವ ದಿನ, ಇಡೀ ಊರು ಆಗರದ ಏರಿಯ ಮೇಲೆ ಸೇರಿ ಉಪ್ಪಿನ ಹಾಡು ಹಾಡುತ್ತಿತ್ತು. ಮುಂದೆ ನಿಂತವರೊಬ್ಬರು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಆ ಹಾಡನ್ನು ಯಾರು ಕಟ್ಟಿದರೆಂದು ಯಾರಿಗೂ ಗೊತ್ತಿರಲಿಲ್ಲ.

ಹಾಡಿಗೆ ಏಳು ನುಡಿ. ಸೂರ್ಯನಿಗೊಂದು, ಗಾಳಿಗೊಂದು, ಉಬ್ಬರಕ್ಕೊಂದು, ದುಡಿಯುವ ಕೈಗಳಿಗೊಂದು. ಐದನೆಯದು ಉಪ್ಪಿನ ಬಿಳುಪಿಗೆ. ಕರಿಯ ಕೆಸರಿನಲ್ಲಿ ಹುಟ್ಟಿದರೂ ಉಪ್ಪು ಬೆಳ್ಳಗಾಗುತ್ತದೆ, ಆದರೆ ಇಂಥವರು ಏಳು ಕಡಲಲ್ಲಿ ಮಿಂದರೂ ಬೆಳ್ಳಗಾಗುವುದಿಲ್ಲ ಎಂದು ಅದರ ಅರ್ಥ. ‘ಇಂಥವರು’ ಎನ್ನುವುದು ನನ್ನ ಮಾತು. ಹಾಡಿನಲ್ಲಿ ಅಲ್ಲಿ ಬೇರೆ ಪದವಿತ್ತು.

ಊರಿನ ಅಂಚಿನಲ್ಲಿ ಆ ಪದದವರ ಆರು ಮನೆಗಳಿದ್ದವು. ಎಷ್ಟೋ ತಲೆಮಾರಿನ ಹಿಂದೆ ಅವರ ಹಿರಿಯರನ್ನು ಕಡಲಾಚೆಯ ನಾಡಿನಿಂದ ಹಡಗಿನಲ್ಲಿ ತಂದು ಮಾರಿದ್ದರು. ಹಡಗು ತಂಗುವ ದಕ್ಕೆಯ ಮೇಲೆ ನಿಲ್ಲಿಸಿ ಮಾರುವಾಗ ಅವರನ್ನು ಕೂಗಿ ಕರೆದ ಪದವೇ ಐದನೆಯ ನುಡಿಯಲ್ಲಿ ಇದ್ದದ್ದು. ಮಾರಾಟ ನಿಂತು ಬಹಳ ಕಾಲವಾಗಿತ್ತು. ಅವರ ಮಾತು, ಊಟ, ದೇವರು ಎಲ್ಲವೂ ಈಗ ಊರಿನವೇ ಆಗಿದ್ದವು. ಕಪ್ಪು ಮೈಬಣ್ಣ ಮತ್ತು ಗುಂಗುರು ಕೂದಲು ಮಾತ್ರ ಅವರದಾಗಿ ಉಳಿದಿದ್ದವು.

ಆ ಮನೆಗಳಲ್ಲೊಂದರಲ್ಲಿ ತುಳಸಿ ಎಂಬವಳಿದ್ದಳು. ಉಪ್ಪು ಎಳೆಯುವ ಕೆಲಸ ಅವಳದು. ಊರಿನಲ್ಲಿ ಅವಳಂಥ ದನಿ ಇನ್ನೊಬ್ಬರಿಗೆ ಇರಲಿಲ್ಲ. ಆದ್ದರಿಂದ ಉಪ್ಪಿನ ಹಾಡನ್ನು ಮುಂದೆ ನಿಂತು ಹೇಳುವವಳು ಅವಳೇ. ಅವಳಿಗೂ ಮುಂಚೆ ಅವಳ ತಾಯಿ ಹೇಳುತ್ತಿದ್ದಳು. ಹಾಡು ಕಲಿಸುವಾಗ ತಾಯಿ ಹೇಳಿದ್ದಳು: “ಐದನೆಯ ನುಡಿ ಬಂದಾಗ ಜನರ ಮುಖ ನೋಡಬೇಡ. ನೀರು ನೋಡು. ಬಾಯಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತದೆ.” ತುಳಸಿ ಹದಿನೆಂಟು ವರ್ಷ ಹಾಗೆಯೇ ಹಾಡಿದಳು. ಜನ ಅವಳನ್ನು ಮೆಚ್ಚುತ್ತಿದ್ದರು. ಅವಳು ಹೇಳಿದರೆ ರಾಶಿ ಮಳೆಗೆ ಕರಗುವುದಿಲ್ಲ ಎನ್ನುತ್ತಿದ್ದರು.

ಅವಳಿಗೆ ಏಳು ವರ್ಷದ ಮಗಳಿದ್ದಳು. ತಾಯಿಯ ದನಿಯೇ ಮಗಳಿಗೂ ಬಂದಿತ್ತು. ಏಳೂ ನುಡಿಗಳನ್ನು ಕೇಳಿಯೇ ಕಲಿತಿದ್ದಳು. ಒಮ್ಮೆ ಅವಳು ತಾಯಿಯನ್ನು ಕೇಳಿದಳು: “ಅವ್ವಾ, ಬೆಳ್ಳಗಾಗದವರು ಅಂತ ಹಾಡಿನಲ್ಲಿ ಬರುತ್ತಾರಲ್ಲ, ಅವರು ಎಲ್ಲಿದ್ದಾರೆ?”

“ದೂರ” ಎಂದಳು ತುಳಸಿ.

ಅದೇ ವಾರ ಮಗಳು ಬೇರೆ ಮಕ್ಕಳ ಜೊತೆ ಕೆರೆಯ ಕಟ್ಟೆಯ ಮೇಲೆ ಕೂತು ಚಪ್ಪಾಳೆ ತಟ್ಟಿಕೊಂಡು ಆ ಹಾಡು ಹೇಳಿದಳು. ಐದನೆಯ ನುಡಿಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದಳು. ಮಕ್ಕಳು ಹಾಡುವುದನ್ನು ಬಿಟ್ಟು ಅವಳನ್ನು ನೋಡಿ ನಗತೊಡಗಿದರು. ಅವಳೂ ಜೊತೆಗೆ ನಕ್ಕಳು. ಅವರಲ್ಲೊಬ್ಬಳು ಕಾರಣ ಹೇಳಿದ ಮೇಲೆ ನಗುವುದನ್ನು ನಿಲ್ಲಿಸಿದಳು. ಮನೆಗೆ ಬಂದು ಒಲೆಯ ಮುಂದೆ ಕೂತಿದ್ದ ತಾಯಿಗೆ ಹೇಳಿದಳು: “ಅವರು ದೂರ ಇಲ್ಲವಂತೆ ಅವ್ವಾ. ಅದು ನಾವಂತೆ.”

ತುಳಸಿ ಮಗಳನ್ನು ಹತ್ತಿರ ಎಳೆದುಕೊಂಡಳು.

ಆ ವರ್ಷ ಹುಲ್ಲು ಹೊದಿಸುವ ದಿನ ಬಂತು. ಊರು ಏರಿಯ ಮೇಲೆ ಸೇರಿತು. ತುಳಸಿ ಮುಂದೆ ನಿಂತು ಹೇಳತೊಡಗಿದಳು. ನಾಲ್ಕು ನುಡಿ ಆಯಿತು. ಐದನೆಯದರಲ್ಲಿ ಆ ಪದ ಬರುವ ಜಾಗಕ್ಕೆ ಬಂದಾಗ ಅವಳು ನಿಲ್ಲಿಸಿದಳು. ನೀರು ನೋಡಲಿಲ್ಲ. ಜನರನ್ನು ನೋಡಿದಳು.

ಮರೆತಿರಬೇಕೆಂದು ಜನ ಆ ಪದವನ್ನು ತಾವೇ ಹೇಳಿ ಸಾಲು ತುಂಬಿದರು. ಅವಳು ಆ ಸಾಲನ್ನು ಮತ್ತೆ ಎತ್ತಿಕೊಂಡಳು. ಅದೇ ಜಾಗದಲ್ಲಿ ಮತ್ತೆ ನಿಲ್ಲಿಸಿದಳು. ಈ ಸಲ ಜನಕ್ಕೆ ತಿಳಿಯಿತು. ಒಂದು ಗಳಿಗೆ ಗಾಳಿಯ ಸದ್ದು ಮಾತ್ರ ಕೇಳಿಸಿತು. ಹಿಂದಿನಿಂದ ಯಾರೋ ಆ ಪದವನ್ನು ಕೂಗಿದರು. ಆಮೇಲೆ ಎಲ್ಲರೂ ಕೂಗಿದರು. ಮೊದಲ ಸಲ ಹೇಳಿದ್ದಕ್ಕಿಂತ ಜೋರಾಗಿ, ಇಡೀ ಊರು ಒಂದೇ ದನಿಯಲ್ಲಿ ಕೂಗಿತು. ತುಳಸಿ ಉಳಿದ ಎರಡು ನುಡಿಗಳನ್ನು ಹೇಳಿ ಮುಗಿಸಿ ಮಗಳ ಕೈ ಹಿಡಿದುಕೊಂಡು ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಆಗರದ ಒಡೆಯ ಅವಳನ್ನು ಕರೆಸಿದ. ಅವನು ಕೆಟ್ಟವನಲ್ಲ. ಅವಳ ಗಂಡ ಸತ್ತಾಗ ಅಕ್ಕಿ ಕಳಿಸಿದ್ದವನು.

“ನೀನು ಮನಸ್ಸಿಗೆ ಹಚ್ಚಿಕೊಂಡಿದ್ದೀಯ ತುಳಸಿ. ಯಾರೂ ನಿನ್ನನ್ನು ನೋಡಿ ಹಾಡುವುದಿಲ್ಲ. ಹಾಡಿನಲ್ಲಿ ಇದೆ, ಹಾಡುತ್ತಾರೆ.”

“ಹಾಡಿನಲ್ಲಿ ಇದೆ ಒಡೆಯರೇ. ನಾನೂ ಅಲ್ಲೇ ಇದ್ದೇನಲ್ಲ” ಎಂದಳು ತುಳಸಿ.

ಒಡೆಯನಿಗೆ ಇದು ಉದ್ಧಟತನವಾಗಿ ಕೇಳಿಸಿತು. ಅವನು ಅದನ್ನು ನಾಲ್ಕು ಜನರಿಗೆ ಹೇಳಿದ. ಸಂಜೆಯೊಳಗೆ ಊರು ಎರಡಾಯಿತು.

ಒಂದು ಪಾಲಿನವರು, ಇದು ನಮ್ಮ ಅಜ್ಜಂದಿರ ಹಾಡು, ಒಂದಕ್ಷರ ಕದಲಿಸಿದರೂ ಅವರಿಗೆ ದ್ರೋಹ ಎಂದರು. ಇನ್ನೊಂದು ಪಾಲಿನವರು, ಇಂಥ ಹಾಡು ಹಾಡುವ ಊರಿನವರೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅದನ್ನು ನಿಲ್ಲಿಸಬೇಕು ಎಂದರು. ಅಂಗಡಿಯ ಮುಂದೆ, ಬಾವಿಯ ಹತ್ತಿರ, ಕ್ಷೌರಿಕನ ಕಟ್ಟೆಯಲ್ಲಿ ಇದೇ ಮಾತು. ವರ್ಷಕ್ಕೊಂದು ದಿನ ಬಾಯಿಗೆ ಬರುತ್ತಿದ್ದ ಪದ ಈಗ ದಿನವೂ ಎಲ್ಲರ ಬಾಯಲ್ಲಿತ್ತು. ಅದನ್ನು ಹೇಳಬಾರದು ಎನ್ನುವವರೂ ಅದನ್ನು ಹೇಳಿಯೇ ಹಾಗೆನ್ನುತ್ತಿದ್ದರು.

ಒಬ್ಬ ಮುದುಕ ತುಳಸಿಯ ಮನೆಗೆ ಬಂದ. ಹೊಸ್ತಿಲ ಹೊರಗೆ ಕೂತು ಹೇಳಿದ: “ನನ್ನ ಹೆಂಡತಿ ಉಪ್ಪು ಎಳೆಯುತ್ತ ಇದೇ ಹಾಡು ಗುನುಗುತ್ತಿದ್ದಳು. ಅವಳು ಹೋದ ಮೇಲೆ ನನಗೆ ಉಳಿದದ್ದು ಇದೊಂದೇ. ಇದನ್ನೂ ಕಿತ್ತುಕೊಳ್ಳುತ್ತೀಯಾ ಮಗಳೇ?”

ತುಳಸಿ ಹೇಳಿದಳು: “ಕಿತ್ತುಕೊಳ್ಳುವುದಿಲ್ಲ ಅಜ್ಜ. ನಿಮ್ಮ ಹೆಂಡತಿಗೆ ಆ ಹಾಡು ಕಲಿಸಿದವಳು ನನ್ನ ಅವ್ವ. ಆ ಪದ ಒಂದನ್ನು ನನ್ನ ಮಗಳ ಮುಂದೆ ಹೇಳಬೇಡಿ ಎನ್ನುತ್ತೇನೆ, ಅಷ್ಟೇ.”

ಮುದುಕ ತಲೆಯಾಡಿಸಿದ. ಅವಳು ಕೊಟ್ಟ ನೀರು ಕುಡಿದ. ಕಣ್ಣು ಒರೆಸಿಕೊಂಡು ಎದ್ದುಹೋದ. ಮರುದಿನ ಊರಿನ ಸಭೆಯಲ್ಲಿ, ಹಾಡು ಇದ್ದಂತೆಯೇ ಇರಲಿ ಎಂದು ಕೈ ಎತ್ತಿದವರಲ್ಲಿ ಅವನೂ ಇದ್ದ.

ಆ ಸಭೆಯಲ್ಲಿ ತೀರ್ಮಾನವಾಗಲಿಲ್ಲ. ಕೊನೆಗೆ ಒಬ್ಬ ಪಂಡಿತ ಎದ್ದು, ಆ ಪದ ತೆಗೆದು ಅಲ್ಲಿ ‘ಕಾಗೆ’ ಎಂದು ಹಾಕಿದರೆ ಮಾತ್ರೆಯೂ ಸರಿಹೋಗುತ್ತದೆ, ಯಾರಿಗೂ ನೋವಾಗುವುದಿಲ್ಲ ಎಂದ. ಏಳು ಕಡಲಲ್ಲಿ ಮಿಂದರೂ ಕಾಗೆ ಬೆಳ್ಳಗಾಗುವುದಿಲ್ಲ. ಎಲ್ಲರಿಗೂ ಒಪ್ಪಿಗೆಯಾಯಿತು. ಎರಡು ಪಾಲಿನವರೂ ನೆಮ್ಮದಿಯಿಂದ ಮನೆಗೆ ಹೋದರು. ತಿಂಗಳು ತುಂಬುವುದರೊಳಗೆ ಊರಿನ ಮಕ್ಕಳು ಆ ಆರು ಮನೆಯ ಮಕ್ಕಳನ್ನು ಕಂಡರೆ ಕಾಗೆ ಎಂದು ಕೂಗತೊಡಗಿದರು. ಹಳೆಯ ಪದವನ್ನೂ ಬಿಡಲಿಲ್ಲ. ಮೊದಲು ಒಂದಿತ್ತು, ಈಗ ಎರಡಾದವು.

ಹಾಡು ನಿಲ್ಲಬೇಕೆಂದವರು ಇದನ್ನು ಕಂಡು ಸಿಟ್ಟಾದರು. ಅವರು ಪಕ್ಕದ ಊರುಗಳಿಂದ ಜನ ಕೂಡಿಸಿ ಚಪ್ಪರ ಹಾಕಿ ದೊಡ್ಡ ಸಭೆ ಮಾಡಿದರು. ತುಳಸಿಯನ್ನು ಕರೆದು ಎತ್ತರದ ಜಾಗದಲ್ಲಿ ಕೂರಿಸಿದರು. ಅವಳು ಒಗೆದ ಸೀರೆ ಉಟ್ಟು ಬಂದಿದ್ದಳು. ಹಾಡು ಹೇಳಲು ಕರೆದಿದ್ದಾರೆ ಎಂದುಕೊಂಡಿದ್ದಳು.

ಅವರ ಮುಖಂಡ ಅವಳ ಕಿವಿಯಲ್ಲಿ ಹೇಳಿದ: “ನಿನಗೆ ಎಷ್ಟು ನೋವಾಗಿದೆ ಎಂದು ಹೇಳಮ್ಮ. ಆ ಪದ ಯಾವುದು ಎಂದು ಬಿಡಿಸಿ ಹೇಳು. ಹೇಳದಿದ್ದರೆ ಹೊರಗಿನ ಜನಕ್ಕೆ ತಿಳಿಯುವುದಿಲ್ಲ.”

“ಉಳಿದ ಆರು ನುಡಿ ಹಾಡಲೇ?” ಎಂದು ಕೇಳಿದಳು ತುಳಸಿ.

“ಹಾಡಬಾರದು. ಅದನ್ನು ನಿಲ್ಲಿಸಬೇಕೆಂದೇ ಈ ಸಭೆ” ಎಂದ ಮುಖಂಡ.

ಅವಳು ಕೈ ಮುಗಿದು ಕೂತಳು. ಅವಳ ಪರವಾಗಿ ಮುಖಂಡನೇ ಬಹಳ ಹೊತ್ತು ಮಾತಾಡಿದ. ಆ ಪದವನ್ನೂ ಅವನೇ ಹೇಳಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಮಗಳು ಕಿವಿ ಮುಚ್ಚಿಕೊಂಡಿದ್ದನ್ನು ತುಳಸಿ ನೋಡಿದಳು. ಉಪ್ಪಿನ ಹಾಡನ್ನು ಇನ್ನು ಹಾಡಕೂಡದು ಎಂದು ತೀರ್ಮಾನವಾಯಿತು. ಜನ ಚಪ್ಪಾಳೆ ತಟ್ಟಿದರು.

ಮುಂದಿನ ವರ್ಷ ಕೊನೆಯ ರಾಶಿಗೆ ಮೌನವಾಗಿ ಹುಲ್ಲು ಹೊದಿಸಿದರು. ಆ ಮಳೆಗಾಲದಲ್ಲಿ ಎರಡು ರಾಶಿ ಕರಗಿದವು. ಹುಲ್ಲು ತೆಳ್ಳಗಿತ್ತು, ಗಾಳಿ ಹೆಚ್ಚಿತ್ತು. ಆದರೆ ಜನ ತುಳಸಿಯ ಹೆಸರು ಹೇಳಿದರು. ಅವಳಿಂದ ಹಾಡು ಹೋಯಿತು, ಹಾಡು ಹೋಗಿ ಉಪ್ಪು ಹೋಯಿತು ಎಂದರು. ಅವಳಿಗಾಗಿ ಸಭೆ ಮಾಡಿದವರು ಆಗ ಬೇರೆ ಊರಿನ ಬೇರೆ ಹಾಡಿನ ಮೇಲೆ ಸಭೆ ಮಾಡುತ್ತಿದ್ದರು. ಮದುವೆಮನೆಗಳಲ್ಲಿ ಅವಳನ್ನು ಹಾಡಲು ಕರೆಯುವುದು ನಿಂತಿತು. ಹಾಡಬೇಕೆನ್ನುವವರಿಗೆ ಅವಳ ಮೇಲೆ ಸಿಟ್ಟು, ಬೇಡವೆನ್ನುವವರಿಗೆ ಅವಳ ದನಿ ಕೇಳಿದರೆ ಮುಜುಗರ.

ಹಾಡು ಮಾತ್ರ ಪೂರ್ತಿಯಾಗಿ ಹೋಗಲಿಲ್ಲ. ನಿಲ್ಲಿಸಿದ್ದಾರೆ ಎಂಬ ಹಟಕ್ಕೆ ಕೆಲವರು ಅದನ್ನು ಹಾಡಿದರು. ಆದರೆ ಏಳು ನುಡಿ ಯಾರಿಗೆ ಬರುತ್ತಿತ್ತು? ಮುಂದೆ ನಿಂತು ಹೇಳುವವಳಿಗೂ ಅವಳ ಮಗಳಿಗೂ ಮಾತ್ರ. ಹಿಂದೆ ಹೇಳುವವರಿಗೆ ನೆನಪಿದ್ದದ್ದು ಜಗಳವಾದ ಐದನೆಯದು. ಸೂರ್ಯ ಮರೆತುಹೋಯಿತು, ಗಾಳಿ ಮರೆತುಹೋಯಿತು, ಉಬ್ಬರ ಮತ್ತು ದುಡಿಯುವ ಕೈಗಳು ಮರೆತುಹೋದವು. ಅದಕ್ಕೂ ಮುಂಚೆ ಒಂದು ದಿನವೂ ಆಗರಕ್ಕೆ ಬಾರದವರು, ಉಪ್ಪು ಎಳೆಯುವುದು ಹೇಗೆಂದು ತಿಳಿಯದವರು, ಆ ಒಂದು ನುಡಿಯನ್ನು ಕಲಿತುಕೊಂಡು ಆರು ಮನೆಗಳ ಮುಂದೆ ಹಾದುಹೋಗುವಾಗ ಹಾಡಿದರು.

ತುಳಸಿ ಇನ್ನೊಂದು ವರ್ಷ ಆಗರದಲ್ಲಿ ದುಡಿದಳು. ಒಂದು ದಿನ ಕೆಲಸದ ನಡುವೆ ತನಗೇ ತಿಳಿಯದೆ ಮಾತಿಲ್ಲದೆ ರಾಗವನ್ನು ಗುನುಗಿದಳು. ಮೇಸ್ತ್ರಿ ಓಡಿಬಂದು, “ಬೇಡಮ್ಮ, ಯಾರಾದರೂ ಕೇಳಿದರೆ ಮತ್ತೆ ಗಲಾಟೆ” ಎಂದ. ಅವಳು ನಿಲ್ಲಿಸಿದಳು. ಆಮೇಲೆ ಅವಳು ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮಗಳಂತೂ ಕೆರೆಯ ಕಟ್ಟೆಯಿಂದ ಬಂದ ದಿನವೇ ಹಾಡುವುದನ್ನು ಬಿಟ್ಟಿದ್ದಳು. ತಾಯಿ ಎಷ್ಟು ಕೇಳಿಕೊಂಡರೂ ಬಾಯಿ ತೆರೆಯಲಿಲ್ಲ.

ಮಳೆ ಶುರುವಾಗುವ ಮುಂಚೆ ಒಂದು ಮುಂಜಾನೆ ತಾಯಿ ಮಗಳು ದೋಣಿ ಹತ್ತಿ ಹೋದರು. ಎಲ್ಲಿಗೆಂದು ಹೇಳಲಿಲ್ಲ. ಉಳಿದ ಐದು ಮನೆಯವರೂ ಒಬ್ಬೊಬ್ಬರಾಗಿ ಹೋದರು. ಅವರು ಹೋದದ್ದು ಊರಿಗೆ ತಿಳಿದದ್ದು ಮುಂದಿನ ಬೇಸಿಗೆಯಲ್ಲಿ, ಉಪ್ಪು ಎಳೆಯಲು ಆಳು ಕಡಿಮೆಯಾದಾಗ.

ಗುರು ಕತೆ ನಿಲ್ಲಿಸಿದರು. ಜಗಲಿಯ ಜಗಳ ಇನ್ನೂ ಕೇಳಿಸುತ್ತಿತ್ತು. ಶಿಷ್ಯ ಕೇಳಿದ:

“ಗುರುಗಳೇ, ಏರಿಯ ಮೇಲೆ ಅಷ್ಟು ಜನರಿದ್ದರು. ಅವಳು ನಿಲ್ಲಿಸಿದ ಜಾಗದಲ್ಲಿ ತಾನೂ ನಿಲ್ಲಿಸಿದವನು ಒಬ್ಬನಾದರೂ ಇರಲಿಲ್ಲವೇ?”

ಗುರು ಹೇಳಿದರು: “ನಾನಿದ್ದೆ, ದನಿ ಹೊರಡಿಸಲಿಲ್ಲ, ಆದರೆ ಪಕ್ಕದವರಿಗೆ ಗೊತ್ತಾಗದಿರಲೆಂದು ತುಟಿ ಆಡಿಸಿದೆ.”