ಡಂಗುರದವನ ಆಣೆ

"ಗುರುಗಳೇ, ಇಬ್ಬರಿಗೂ ಜಗಳ ಸಾಕಾಗಿದೆ. ಇಬ್ಬರಿಗೂ ರಾಜಿ ಬೇಕಾಗಿದೆ. ಆದರೂ ಜಗಳ ಮುಗಿಯುವುದಿಲ್ಲವಲ್ಲ, ಏಕೆ?"

ಕೇಳಿದವನು ಶಿಷ್ಯ. ಎರಡು ಊರುಗಳ ನಡುವಿನ ಹಳೆಯ ವ್ಯಾಜ್ಯ ಬಗೆಹರಿಸಿ ಬರುತ್ತೇನೆಂದು ಹುರುಪಿನಿಂದ ಹೋಗಿದ್ದವನು, ಮುಖ ಸಣ್ಣದು ಮಾಡಿಕೊಂಡು ಹಿಂದಿರುಗಿದ್ದ. ಕಾಲು ತೊಳೆಯುವ ಮೊದಲೇ ಪ್ರಶ್ನೆ ಕೇಳಿದ. ಗುರುಗಳು ಇಂಥ ರಾಜಿಪಂಚಾಯಿತಿಗಳನ್ನು ಬೇಕಾದಷ್ಟು ನೋಡಿದ್ದರು. ಅವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಈ ಕತೆ ಹೇಳಿದರು.

ಒಂದು ರಾಜ್ಯದಲ್ಲಿ ಎರಡು ಮತಗಳಿದ್ದವು. ಒಂದು ಮತದವರ ದೇವರು ಬೆಟ್ಟದಯ್ಯ. ಇನ್ನೊಂದು ಮತದವರ ದೇವರು ಹೊಳೆಯಮ್ಮ. ಮೂರು ತಲೆಮಾರಿನಿಂದ ಇವರು ಹೊಡೆದಾಡುತ್ತಿದ್ದರು. ಮೊದಲ ಏಟು ಕೊಟ್ಟವರು ಯಾರು ಎಂಬುದು ಇಬ್ಬರಿಗೂ ಚೆನ್ನಾಗಿ ನೆನಪಿತ್ತು: ಎದುರಿನವರು. ಅಜ್ಜ ಸತ್ತ ಜಾಗದಲ್ಲಿ ಅಪ್ಪ ಸತ್ತ, ಅಪ್ಪ ಸತ್ತ ಜಾಗಕ್ಕೆ ಮಗ ಹೋಗಿ ನಿಂತ. ದೇವರುಗಳು ಮಾತ್ರ ಇದ್ದ ಹಾಗೆಯೇ ಇದ್ದರು. ಬೆಟ್ಟ ಅಲುಗಲಿಲ್ಲ, ಹೊಳೆ ನಿಲ್ಲಲಿಲ್ಲ.

ಕೊನೆಗೆ ರಾಜನಿಗೆ ರೋಸಿಹೋಯಿತು. ಎರಡೂ ಮತಗಳ ಹಿರಿಯರನ್ನು ಕರೆಸಿದ. ಬೆಟ್ಟದ ಹಿರಿಯರು "ಸಾಕು" ಎಂದರು. ಹೊಳೆಯ ಹಿರಿಯರೂ "ಸಾಕು" ಎಂದರು. ಸೆರೆ ಸಿಕ್ಕವರನ್ನು ಬಿಡುವುದೆಂದಾಯಿತು. ಸುಟ್ಟ ಗುಡಿಗಳನ್ನು ಕಟ್ಟಿಸುವುದೆಂದಾಯಿತು. ಸಂಧಿಯ ಮಾತು ಮುಗಿಯಿತು. ಇನ್ನು ಉಳಿದದ್ದು ಡಂಗುರ ಮಾತ್ರ.

ಆ ರಾಜ್ಯದಲ್ಲಿ ಡಂಗುರವಿಲ್ಲದೆ ಯುದ್ಧ ತೊಡಗುತ್ತಿರಲಿಲ್ಲ, ಡಂಗುರವಿಲ್ಲದೆ ನಿಲ್ಲುತ್ತಲೂ ಇರಲಿಲ್ಲ. ಹಿಂದೊಮ್ಮೆ ಯಾರೋ ಸಂಧಿಯಾಯಿತೆಂದು ಸುಳ್ಳು ಹಬ್ಬಿಸಿ, ಆಯುಧ ಕೆಳಗಿಟ್ಟವರನ್ನು ಕಡಿದುಹಾಕಿದ್ದರು. ಅಂದಿನಿಂದ ಸೈನಿಕರು ನಂಬುತ್ತಿದ್ದದ್ದು ಅರಮನೆಯ ಡಂಗುರದವನೊಬ್ಬನನ್ನೇ. ಅವನು ಎರಡು ಪಡೆಗಳ ನಡುವೆ ನಿಂತು, ತಮಟೆ ಬಾರಿಸಿ, ಆಣೆ ಹಾಕಿ, ಯುದ್ಧ ಮುಗಿಯಿತೆಂದು ಸಾರಬೇಕು. ಅಲ್ಲಿಯವರೆಗೆ ಕತ್ತಿ ಕೆಳಗಿಟ್ಟವನು ದ್ರೋಹಿ.

ಡಂಗುರದವನು ವಯಸ್ಸಾದವನು. ಅವನ ಒಬ್ಬನೇ ಮಗ ಯುದ್ಧಕ್ಕೆ ಹೋಗಿದ್ದ. ಯಾವ ಪಡೆಯಲ್ಲಿದ್ದ ಎಂಬುದು ಕತೆಗೆ ಬೇಕಿಲ್ಲ. ಸಂಧಿಯ ಸುದ್ದಿ ಕಿವಿಗೆ ಬಿದ್ದೊಡನೆ ಮುದುಕ ಊಟ ಬಿಟ್ಟು ಎದ್ದ. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿಕೊಂಡು ಅರಮನೆಗೆ ಓಡಿಬಂದ. "ಏನೆಂದು ಸಾರಲಿ? ಅಪ್ಪಣೆಯಾಗಲಿ" ಎಂದ.

ಅಪ್ಪಣೆಯಾಗಲಿಲ್ಲ. ಆಣೆಯಲ್ಲಿ ಯಾವ ದೇವರ ಹೆಸರು ಮೊದಲು ಬರಬೇಕು ಎಂಬ ಮಾತು ಒಳಗೆ ಎದ್ದಿತ್ತು.

"ಬೆಟ್ಟವಿಲ್ಲದೆ ಹೊಳೆ ಎಲ್ಲಿ ಹುಟ್ಟೀತು?" ಎಂದರು ಬೆಟ್ಟದವರು. "ಹೊಳೆಯ ನೀರಿಲ್ಲದೆ ನಿಮ್ಮ ಬೆಟ್ಟದಯ್ಯನಿಗೆ ಅಭಿಷೇಕ ಯಾವುದರಲ್ಲಿ ಮಾಡುತ್ತೀರಿ?" ಎಂದರು ಹೊಳೆಯವರು. ಎರಡೂ ಕಡೆಯ ಪಂಡಿತರು ಓಲೆಗರಿಯ ಕಟ್ಟುಗಳನ್ನು ಹೊತ್ತು ತಂದರು. ಮಂತ್ರಿ ಒಂದು ಉಪಾಯ ಹೇಳಿದ: ಡಂಗುರದವನು ಹೋಗುವಾಗ ಒಂದು ಹೆಸರು ಮೊದಲು ಹೇಳಲಿ, ಬರುವಾಗ ಇನ್ನೊಂದು ಹೆಸರು ಮೊದಲು ಹೇಳಲಿ. ಭಲೇ ಎಂದು ಇಬ್ಬರೂ ಮೆಚ್ಚಿದರು. ಹೋಗುವಾಗ ಯಾರದು ಎಂಬಲ್ಲಿ ಸಭೆ ಮುರಿಯಿತು. ಇಬ್ಬರು ಡಂಗುರದವರು ಒಟ್ಟಿಗೆ ಕೂಗಲಿ ಎಂದರೆ, ಯಾರ ಗಂಟಲು ದೊಡ್ಡದು ಎಂಬ ತಕರಾರು. ಎರಡು ಹೆಸರನ್ನೂ ಕೂಡಿಸಿ ಒಂದೇ ಹೆಸರು ಮಾಡೋಣವೆಂದರೆ, ಅದರಲ್ಲಿ ತಲೆ ಯಾರದು, ಬಾಲ ಯಾರದು? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಮ್ಮನೆ ಅಲ್ಲ.

ಡಂಗುರದವನು ಅರಮನೆಯ ಬಾಗಿಲಲ್ಲಿ ಕುಳಿತ. ಕಾಯಿಸಿದ ತಮಟೆ ತಣ್ಣಗಾಯಿತು. ಮತ್ತೆ ಕಾಯಿಸಿದ, ಮತ್ತೆ ತಣ್ಣಗಾಯಿತು. ದಿನವೂ ಇದೇ ಆಯಿತು. ಒಳಗಿನವರು ಮೀನಮೇಷ ಎಣಿಸುತ್ತಿದ್ದರೆ, ಹೊರಗೆ ಯುದ್ಧಭೂಮಿಯಿಂದ ಗಾಯಾಳುಗಳ ಗಾಡಿ ಬರುತ್ತಲೇ ಇತ್ತು. ಗಾಡಿ ಬಂದಾಗಲೆಲ್ಲ ಅವನು ಎದ್ದು ಹೋಗಿ ಒಬ್ಬೊಬ್ಬರ ಮುಖ ನೋಡುತ್ತಿದ್ದ. ಮಗನ ಮುಖ ಕಾಣದಿದ್ದರೆ ಅವನಿಗೆ ಸಮಾಧಾನ. ಇನ್ನೊಬ್ಬರ ಮಗ ನರಳುತ್ತಿರುವಾಗ ತನಗೆ ಸಮಾಧಾನವಾಯಿತಲ್ಲ ಎಂದು ನಾಚಿಕೆ. ಮನೆಗೆ ಹೋದರೆ ಹೆಂಡತಿ ಬಿಡುತ್ತಿರಲಿಲ್ಲ. "ನಿನ್ನ ದನಿ ಏಳೂರಿಗೆ ಕೇಳ್ತದಂತೆ. ಒಳಗೆ ಕೂತ ಆ ಮುದುಕರಿಗೆ ಕೇಳೋದಿಲ್ಲವಾ?" ಎನ್ನುತ್ತಿದ್ದಳು.

ಒಂದು ದಿನ ಗಾಡಿಯಲ್ಲಿ ಬಂದ ಒಬ್ಬ ಎಳೆಯ ಸೈನಿಕ ಅವನ ತಮಟೆಯನ್ನು ಗುರುತು ಹಿಡಿದ.

"ಅಜ್ಜಾ, ಸಂಧಿ ಆಯ್ತು ಅಂತಾರೆ, ಹೌದಾ?"

"ಹೌದಪ್ಪ. ಆಗಿ ಬಹಳ ದಿನ ಆಯ್ತು."

"ಮತ್ತೆ ನಾವ್ಯಾಕೆ ಇನ್ನೂ ಹೊಡೆದಾಡ್ತಿದೀವಿ?"

"ಹೆಸರು ಇನ್ನೂ ತೀರ್ಮಾನ ಆಗಿಲ್ಲ."

"ಯಾರ ಹೆಸರು? ಸತ್ತವರದಾ?"

"ದೇವರದಪ್ಪ" ಎಂದ ಡಂಗುರದವನು.

ಸೈನಿಕ ನಗಲು ಹೋದ. ನಗುವಷ್ಟು ಉಸಿರು ಅವನಲ್ಲಿರಲಿಲ್ಲ. ಗಾಡಿಯಿಂದ ಇಳಿಸುವಷ್ಟರಲ್ಲಿ ತೀರಿಕೊಂಡ.

ಡಂಗುರದವನಿಗೆ ರೇಗಿಹೋಯಿತು. ದೇವರ ಮೇಲೆ ರೇಗಿತೋ, ರಾಜನ ಮೇಲೆ ರೇಗಿತೋ, ಇಷ್ಟು ದಿನ ನಾಯಿಯ ಹಾಗೆ ಬಾಗಿಲು ಕಾದ ತನ್ನ ಮೇಲೆಯೇ ರೇಗಿತೋ ಅವನಿಗೆ ತಿಳಿಯಲಿಲ್ಲ. ಖಾಲಿಯಾಗಿ ಹಿಂದಿರುಗುತ್ತಿದ್ದ ಅದೇ ಗಾಡಿಯನ್ನು ಹತ್ತಿ ಕುಳಿತ. ಕಾವಲಿನವನು "ಅಪ್ಪಣೆ ಆಯಿತಾ?" ಎಂದ. "ಆಯಿತು" ಎಂದ ಡಂಗುರದವನು. ಜೀವಮಾನದಲ್ಲಿ ಅವನು ಅರಮನೆಯ ಹೆಸರಿನಲ್ಲಿ ಹೇಳಿದ ಸುಳ್ಳು ಅದೊಂದೇ.

ಅವನು ತಲುಪಿದಾಗ ಬೆಳಗಿನ ಹೊಡೆದಾಟ ಇನ್ನೇನು ಶುರುವಾಗಬೇಕು. ಎರಡೂ ಪಡೆಗಳು ಎದುರೆದುರು ನಿಂತಿದ್ದವು. ನಡುವೆ ಹೋಗಿ ತಮಟೆ ಬಾರಿಸಿದ. ಕಾಯಿಸದ ತಮಟೆ, ಮಂಕಾಗಿ ನುಡಿಯಿತು. ಆದರೂ ಅರಮನೆಯ ತಮಟೆಯಲ್ಲವೇ? ಎಲ್ಲರೂ ಕೈ ತಡೆದು ನಿಂತರು.

"ಕೇಳ್ರಪ್ಪೋ ಕೇಳ್ರಿ! ಯುದ್ಧ ಮುಗೀತು. ಮನೆಗೆ ಹೋಗ್ರಿ!"

ಯಾರೂ ಅಲುಗಲಿಲ್ಲ. ಒಬ್ಬ ದಳಪತಿ ಮುಂದೆ ಬಂದು "ಯಾರ ಆಣೆ?" ಎಂದ. ಎದುರು ಪಡೆಯ ದಳಪತಿಯೂ ಮುಂದೆ ಬಂದು "ಯಾರ ಆಣೆ? ಮೊದಲು ಅದು ಹೇಳು" ಎಂದ.

ಬೆಟ್ಟದಯ್ಯನ ಹೆಸರು ಮೊದಲು ಬಂದರೆ ಹೊಳೆಯವರು ಸೋತಂತೆ. ಹೊಳೆಯಮ್ಮನ ಹೆಸರು ಮೊದಲು ಬಂದರೆ ಬೆಟ್ಟದವರು ಸೋತಂತೆ. ಸೋತವರು ಕತ್ತಿ ಕೆಳಗಿಡುವುದಿಲ್ಲ. ಇದು ಡಂಗುರದವನಿಗೆ ಗೊತ್ತಿತ್ತು. ಈ ಸಾಲುಗಳಲ್ಲಿ ಎಲ್ಲೋ ಒಂದು ಕಡೆ ಮಗ ನಿಂತಿದ್ದಾನೆ, ಬದುಕಿದ್ದರೆ, ಎಂಬುದೂ ಗೊತ್ತಿತ್ತು. ಆದರೆ ಕುಳಿತು ಲೆಕ್ಕಾಚಾರ ಹಾಕುವಷ್ಟು ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ.

"ನಿಮ್ಮ ನಿಮ್ಮ ಅವ್ವನ ಆಣೆ ಕಣ್ರೋ!" ಎಂದು ಕಿರುಚಿದ. "ನಡೀರಿ ಮನೆಗೆ!"

ಆಮೇಲೆ ಸಾಲಿನ ತುದಿಯಲ್ಲಿ ಯಾರೋ ಗುರಾಣಿ ಕೆಳಗೆ ಹಾಕಿದ ಸದ್ದಾಯಿತು. ಎದುರು ಸಾಲಿನಲ್ಲಿಯೂ ಒಂದು ಸದ್ದಾಯಿತು. ದೇವರ ಆಣೆಗೆ ಪ್ರಾಯಶ್ಚಿತ್ತ ಉಂಟು, ಅದನ್ನು ಪೂಜಾರಿಗಳು ಹೇಳಿಕೊಟ್ಟಿದ್ದರು. ಅವ್ವನ ಆಣೆ ಮುರಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಯಲಿನಲ್ಲಿ ದಳಪತಿಗಳಿಬ್ಬರೇ ಉಳಿದರು. ಇಬ್ಬರೇ ಹೊಡೆದಾಡುವುದು ನೋಡಲು ಚೆನ್ನಾಗಿರುವುದಿಲ್ಲ ಎಂದುಕೊಂಡು ಅವರೂ ಹೊರಟುಹೋದರು.

ಗಾಡಿಗೆ ಕಾದಿದ್ದ ಗಾಯಾಳುಗಳ ನಡುವೆ ಮಗ ಸಿಕ್ಕಿದ. ಅವನ ಎಡಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬಟ್ಟೆಯ ಕೆಳಗೆ ಇರಬೇಕಾದಷ್ಟು ಕೈ ಇರಲಿಲ್ಲ.

"ಯಾವಾಗ?" ಎಂದ ಡಂಗುರದವನು.

"ಮೊನ್ನೆ" ಎಂದ ಮಗ.

ಮೊನ್ನೆ ಸಭೆಯಲ್ಲಿ ತಲೆ ಯಾರದು ಬಾಲ ಯಾರದು ಎಂಬ ಚರ್ಚೆ ನಡೆದಿತ್ತು. ಅಪ್ಪ ಮಗನನ್ನು ಗಾಡಿಗೆ ಹತ್ತಿಸಿದ.

ಊರಿಗೆ ಬಂದವನನ್ನು ಹಿಡಿದು ಸಭೆಗೆ ಎಳೆದು ತಂದರು. ಅಪ್ಪಣೆಯಿಲ್ಲದೆ ಸಾರಿದ್ದು ಒಂದು ತಪ್ಪು. ದೇವರ ಹೆಸರಿಲ್ಲದೆ ಆಣೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. "ಹೀಗೆ ಮುಗಿದ ಯುದ್ಧ ಮುಗಿದಂತೆ ಆಗುವುದಿಲ್ಲ" ಎಂದರು ಬೆಟ್ಟದ ಹಿರಿಯರು. "ಸೈನಿಕರನ್ನು ಹಿಂದಕ್ಕೆ ಕರೆಸಿ. ಯುದ್ಧ ಇನ್ನೊಮ್ಮೆ ತೊಡಗಲಿ. ಆಮೇಲೆ ಶಾಸ್ತ್ರೋಕ್ತವಾಗಿ ಮುಗಿಸೋಣ." ಹೊಳೆಯ ಹಿರಿಯರು ಇದು ನ್ಯಾಯವಾದ ಮಾತು ಎಂದು ತಲೆದೂಗಿದರು. ರಾಜ ಹಣೆಗೆ ಕೈ ಹಚ್ಚಿ ಕುಳಿತ.

ದೂತರು ಊರೂರಿಗೆ ಹೋದರು. ಒಬ್ಬ ಸೈನಿಕ ಮಾಡಿಗೆ ಹುಲ್ಲು ಹೊದಿಸುತ್ತಿದ್ದ, ಇಳಿದು ಬರಲಿಲ್ಲ. ಇನ್ನೊಬ್ಬನ ಮದುವೆಗೆ ಚಪ್ಪರ ಹಾಕಿದ್ದರು, ಉಂಡುಕೊಂಡು ಹೋಗಿ ಎಂದರು. ಒಬ್ಬನ ತಾಯಿ ದೂತನ ಮಾತು ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಒನಕೆ ತಂದಳು. ದೂತರು ಹಿಂದಿರುಗಿ "ಯಾರೂ ಬರುವುದಿಲ್ಲವಂತೆ" ಎಂದರು.

ಹಾಗಾದರೆ ಡಂಗುರದವನನ್ನಾದರೂ ಬಿಡಬಾರದು ಎಂದಾಯಿತು. ಬೆಟ್ಟದವರು "ಗಡೀಪಾರು" ಎಂದರು. ಹೊಳೆಯವರು "ಗಡೀಪಾರೇ ಸರಿ" ಎಂದರು. ಅವನ ತಮಟೆ ಹರಿಯಬೇಕು ಎಂದರು ಇವರು. ಹರಿಯಲೇಬೇಕು ಎಂದರು ಅವರು. ಸಂಧಿಪತ್ರದ ಕಾಗದ ಇನ್ನೂ ಖಾಲಿಯಾಗಿಯೇ ಬಿದ್ದಿತ್ತು, ಏಕೆಂದರೆ ಅದರ ಮೊದಲ ಸಾಲಿಗೂ ದೇವರ ಹೆಸರು ಬೇಕಿತ್ತು. ಕರಣಿಕ ಆ ಕಾಗದವನ್ನೇ ಎಳೆದುಕೊಂಡು ಶಿಕ್ಷೆಯನ್ನು ಬರೆದ. ಮಸಿ ಆರುವ ಮೊದಲೇ ಎರಡು ಮತಗಳ ಮುದ್ರೆಗಳೂ ಬಿದ್ದವು. ಮೂರು ತಲೆಮಾರಿನಲ್ಲಿ ಅವೆರಡು ಒಂದೇ ಕಾಗದದ ಮೇಲೆ ಕೂಡಿದ್ದು ಅದೇ ಮೊದಲು.

ಡಂಗುರದವನು ಎಲ್ಲವನ್ನೂ ನೋಡುತ್ತ ನಿಂತಿದ್ದ. ತಮಟೆಯ ಚರ್ಮ ಹರಿದಾಗ ಮಾತ್ರ ಅವನ ಮುಖ ಕಿವುಚಿತು. ಆಮೇಲೆ ಕೇಳಿದ:

"ಸ್ವಾಮಿ, ಇಷ್ಟು ಬೇಗ ಒಮ್ಮತ ಆಗೋದಾಗಿದ್ರೆ ನನಗೆ ಮೊದಲೇ ಶಿಕ್ಷೆ ಕೊಡಬಹುದಿತ್ತಲ್ಲ? ನನ್ನ ಮಗನ ಕೈ ಉಳೀತಿತ್ತು."

ಅವನು ಹೆಂಡತಿ, ಮಗನನ್ನು ಕರೆದುಕೊಂಡು ಹೊರಟ. ಗಡಿ ದಾಟುವವರೆಗೂ ಹೆಂಡತಿ ಆ ಮುದುಕರನ್ನು ಬೈಯುತ್ತಲೇ ಇದ್ದಳು.

ರಾಜ ಜಾಣ. ಎರಡು ಮುದ್ರೆಗಳಿದ್ದ ಆ ಕಾಗದವನ್ನು ಜೋಪಾನವಾಗಿ ಎತ್ತಿಡಿಸಿದ. ಯುದ್ಧ ಮತ್ತೆ ನಡೆಯಲಿಲ್ಲ. ಶಾಂತಿಪತ್ರ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಆ ರಾಜ್ಯದಲ್ಲಿ ಇಂದಿಗೂ ಅದನ್ನೇ ತೋರಿಸುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಕಣ್ಣು ತುಂಬಿ ಬಂದಿತ್ತು. "ಎಂಥ ಜನ!" ಎಂದ. "ಎಂಥ ಮೂರ್ಖ ಜನ!" ಎಂದ. ಖಾಲಿ ಲೋಟವನ್ನು ಕೆಳಗಿಟ್ಟ. ಆಮೇಲೆ ತಲೆಯೆತ್ತಿ ಕೇಳಿದ: "ಗುರುಗಳೇ, ಆ ಕಾಗದದ ಮೇಲೆ ಮೊದಲು ಬಿದ್ದ ಮುದ್ರೆ ಯಾರದು? ಬೆಟ್ಟದವರದೋ, ಹೊಳೆಯವರದೋ?"

"ಅಂದು ಅದನ್ನು ಯಾರೂ ಕೇಳಲಿಲ್ಲಪ್ಪ" ಎಂದರು ಗುರುಗಳು, "ಕೇಳಿದವನು ನೀನೇ ಮೊದಲು."